ಎಂಟೂವರೆ–ಒಂಬತ್ತೂವರೆ ಅಡಿ ಕೋಣೆಯಲ್ಲಿ ಮಗಳಿಗೆ ಜಾಗ ಮಾಡಿದ್ದು

ನಾನು ಟೈಲರ್. ಶಿವಮೊಗ್ಗದಲ್ಲಿ ಮನೆಯಲ್ಲೇ ಬ್ಲೌಸು, ಚೂಡಿದಾರ, ಶಾಲೆ ಯೂನಿಫಾರಂ ಹೊಲಿಯುತ್ತೇನೆ. ಮಗಳಿಗೆ ಈಗ 22 ವರ್ಷ. ಬಿಕಾಂ ಮುಗಿಸಿ, ಸಿಎ ಓದಿನ ಆರ್ಟಿಕಲ್‌ಶಿಪ್ ತರಬೇತಿಗೆ ಅಂತ ಆಡಿಟರ್ ಆಫೀಸು ಸೇರಿದ್ದಾಳೆ. ಹೋದ ವರ್ಷದವರೆಗೂ ಅಜ್ಜಿ ಪಕ್ಕ ಮಲಗಿ, ಹಾಲ್‌ನಲ್ಲಿ ಕೂತು ಓದಿದವಳು. ನಮ್ಮತ್ತೆ ಎಂಟೂವರೆಗೆಲ್ಲ ಲೈಟ್ ಆರಿಸುತ್ತಾರೆ. ಇವಳ ಓದು ಶುರುವಾಗುವುದೇ ಊಟ ಆದ ಮೇಲೆ. ಇಬ್ಬರಿಗೂ ಕಷ್ಟ. ಹಾಗಾಗಿ ಅಡುಗೆಮನೆ ಪಕ್ಕದ ಸಾಮಾನಿನ ಕೋಣೆ ಖಾಲಿ ಮಾಡಿಸಿ ಅವಳಿಗೆ ಕೊಟ್ಟೆವು.

ಕೋಣೆ ಅಗಲ 8 ಅಡಿ 6 ಇಂಚು, ಉದ್ದ 9 ಅಡಿ 6 ಇಂಚು. 81 ಚದರ ಅಡಿಗೂ ಚೂರು ಕಮ್ಮಿ. ಮನೆ ಕಟ್ಟುವಾಗಲೇ ನಮ್ಮ ಇಂಜಿನಿಯರ್ ಒಂದು ಮಾತು ಹೇಳಿದ್ದರು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮನೆಯಲ್ಲಿ ಎರಡು ಕೋಣೆ ಇದ್ದರೆ ಒಂದು 9.5 ಚದರ ಮೀಟರ್‌ಗಿಂತ ಕಮ್ಮಿ ಇರಬಾರದು, ಇನ್ನೊಂದು 7.5 ಚದರ ಮೀಟರ್‌ಗಿಂತ ಕಮ್ಮಿ ಇರಬಾರದು ಅಂತ. 7.5 ಚದರ ಮೀಟರ್ ಅಂದರೆ ಹೆಚ್ಚುಕಮ್ಮಿ ನಮ್ಮ ಈ ಕೋಣೆಯಷ್ಟೇ. ಅಂದರೆ ಇದಕ್ಕಿಂತ ಚಿಕ್ಕದರಲ್ಲಿ ಮನುಷ್ಯರು ವಾಸ ಮಾಡಬಾರದು ಅನ್ನುವ ಗೆರೆಯ ಮೇಲೇ ನಾವು ಇದ್ದೇವೆ. ಅಷ್ಟರಲ್ಲೇ ಮಂಚ, ಬೀರು, ಮೇಜು, ಕುರ್ಚಿ, ಕನ್ನಡಿ, ಪುಸ್ತಕ ಎಲ್ಲ ಹಿಡಿಯಿತು. ಮಧ್ಯೆ ಒಂದು ಚಾಪೆ ಹಾಸುವಷ್ಟು ನೆಲವೂ ಉಳಿಯಿತು. ಮೊದಲ ಸಲಕ್ಕೇ ಆಗಲಿಲ್ಲ, ಎರಡನೇ ಸಲಕ್ಕೆ ಆಯಿತು. ಎರಡನ್ನೂ ಹೇಳುತ್ತೇನೆ.

ಮೊದಲ ಸಲ ಮಾಡಿದ ತಪ್ಪು

ಮೇ ತಿಂಗಳು. ಅಂಗಡಿಯಿಂದ ಕಬ್ಬಿಣದ ಮಂಚ ತಂದೆವು. ಪಶ್ಚಿಮದ ಗೋಡೆ ಪೂರ್ತಿ ಖಾಲಿ ಇತ್ತು, ಉದ್ದಕ್ಕೂ ಇತ್ತು. ಸುಮ್ನೆ ಅಲ್ಲಿಗೆ ತಳ್ಳಿದೆವು. ಉಳಿದ ಜಾಗದಲ್ಲಿ ಬೀರು, ಮೇಜು. ಒಂದು ಸಂಜೆಯಲ್ಲಿ ಕೆಲಸ ಮುಗಿಯಿತು.

ಜುಲೈನಲ್ಲಿ ಒಂದು ದಿನ ಬೆಡ್‌ಶೀಟ್ ಬದಲಿಸಲು ಹಾಸಿಗೆಯ ಗೋಡೆ ಬದಿ ಎತ್ತಿದೆ. ಕೈಗೆ ತಣ್ಣಗೆ ಹತ್ತಿತು. ಅಂಚಿನ ಉದ್ದಕ್ಕೂ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಬೂಷ್ಟು. ಮೂಗಿಗೆ ಹತ್ತಿರ ತಂದರೆ ಮುಗ್ಗಲು ವಾಸನೆ. ಮಗಳು ಎರಡು ವಾರದಿಂದ ಬೆಳಿಗ್ಗೆ ಎದ್ದ ಕೂಡಲೇ ಸೀನುತ್ತಿದ್ದಳು. ಶೀತ ಅಂತ ನಾನು ಕಷಾಯ ಮಾಡಿ ಕೊಡುತ್ತಿದ್ದೆ. ನನಗೆ ತುಂಬಾ ಬೇಜಾರಾಯಿತು.

ಮಲೆನಾಡಿನ ಕಡೆಯವರಿಗೆ ಇದು ಗೊತ್ತಿರಬೇಕಾದ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಳೆಗಾಳಿ ಬರುವುದು ನೈಋತ್ಯದಿಂದ. ಏಟು ಬೀಳುವುದು ಪಶ್ಚಿಮ, ದಕ್ಷಿಣದ ಹೊರಗೋಡೆಗೆ. ನಮ್ಮ ಕೋಣೆಯ ದಕ್ಷಿಣಕ್ಕೆ ಅಡುಗೆಮನೆ ಇದೆ, ಪೂರ್ವಕ್ಕೆ ಹಾಲ್ ಇದೆ. ಅವೆರಡೂ ಒಳಗೋಡೆ, ಒಣಗಿರುತ್ತವೆ. ಉತ್ತರಕ್ಕೆ ಕಿಟಕಿ. ಪಶ್ಚಿಮ ಒಂದೇ ಮಳೆಗೆ ಎದೆ ಕೊಟ್ಟು ನಿಂತ ಗೋಡೆ. ಹೋಗಿ ಹೋಗಿ ಅದಕ್ಕೇ ಹಾಸಿಗೆ ಅಂಟಿಸಿದ್ದೆ.

ನಿಮ್ಮ ಕೋಣೆಯಲ್ಲೂ ಮೊದಲು ಇದನ್ನು ನೋಡಿ. ಯಾವುದು ಹೊರಗೋಡೆ, ಯಾವುದು ಒಳಗೋಡೆ. ಬಾತ್‌ರೂಮ್ ಯಾವ ಗೋಡೆಯ ಆಚೆಗಿದೆ. ಬಾತ್‌ರೂಮ್ ಆಚೆಗಿರುವ ಗೋಡೆ ಬೇಸಿಗೆಯಲ್ಲೂ ತೇವ ಹಿಡಿಯಬಹುದು. ಅಂಗೈ ಇಟ್ಟು ನೋಡಿದರೆ ಗೊತ್ತಾಗುತ್ತೆ. ಬಣ್ಣ ಉಬ್ಬಿದ್ದರೆ, ಸುಣ್ಣ ಪುಡಿಪುಡಿ ಉದುರುತ್ತಿದ್ದರೆ ಕೇಳುವುದೇ ಬೇಡ. ಮಂಚ, ಬೀರು, ಪುಸ್ತಕ ಒಣಗೋಡೆಗೆ. ತೇವದ ಗೋಡೆಯನ್ನು ಆದಷ್ಟು ಬರಿದಾಗಿ ಬಿಡಿ.

ಮಗಳ ಒಂದು ಮಾತು

ಎಲ್ಲ ಮತ್ತೆ ಕಿತ್ತು ಜೋಡಿಸೋಣ ಅಂತ ಕೂತಾಗ ನಾನು ಮತ್ತೆ ಮಂಚದಿಂದಲೇ ಶುರು ಮಾಡಿದ್ದೆ. ಮಗಳು ಅಡ್ಡ ಬಂದಳು.

“ಅಮ್ಮಾ, ಮಂಚ ಎಲ್ಲಾದ್ರೂ ಹಾಕು. ನಂಗೆ ನೆಲದ ಮೇಲೆ ಕಾಲು ಚಾಚಿ ಕೂರೋಕೆ ಜಾಗ ಬೇಕು.”

ಆಗ ಹೊಳೆಯಿತು. ಇಷ್ಟು ವರ್ಷ ಹಾಲ್‌ನಲ್ಲಿ ಓದುವಾಗ ಅವಳು ಕುರ್ಚಿ ಮೇಲೆ ಕೂತದ್ದು ಕಮ್ಮಿ. ದಿವಾನಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂರುತ್ತಿದ್ದಳು. ಸುತ್ತ ಪುಸ್ತಕ, ಕ್ಯಾಲ್ಕುಲೇಟರ್, ನೀರಿನ ಬಾಟಲಿ ಹರಡಿಕೊಂಡಿರುತ್ತಿತ್ತು. ದಿನಾ ನೋಡಿದ್ದೆ, ಆದರೆ ಕೋಣೆ ಜೋಡಿಸುವಾಗ ನೆನಪಿಗೆ ಬರಲಿಲ್ಲ. ನಾವೆಲ್ಲ ಸಾಮಾನಿಗೆ ಜಾಗ ಹುಡುಕಿ, ಉಳಿದದ್ದನ್ನು ಮನುಷ್ಯರಿಗೆ ಬಿಡುತ್ತೇವೆ. ಈ ಸಲ ತಿರುಗಿಸಿ ಮಾಡಿದೆ. ಮೊದಲು ಖಾಲಿ ನೆಲ ಎಷ್ಟು ಬೇಕು ಅಂತ ಗೊತ್ತು ಮಾಡಿಕೊಂಡೆ. ಅದನ್ನು ಬಿಟ್ಟು ಉಳಿದದ್ದರಲ್ಲಿ ಸಾಮಾನು.

ವಯಸ್ಸಿಗೆ ಬಂದ ಮಕ್ಕಳ ಕೋಣೆ ಅಂದ ಮೇಲೆ ಅವರನ್ನು ಕೂರಿಸಿ ಕೇಳಲೇಬೇಕು. ಬ್ಲೌಸ್ ಅಳತೆ ತೆಗೆಯುವಾಗ ನಾನು ಗಿರಾಕಿಯ ಅಮ್ಮನ ಹತ್ತಿರ ಕೇಳುವುದಿಲ್ಲ, ಹಾಕಿಕೊಳ್ಳುವವರ ಹತ್ತಿರ ಕೇಳುತ್ತೇನೆ. ಓದುವುದು ಎಲ್ಲಿ, ಬರೆಯುವುದು ಎಲ್ಲಿ? ಲ್ಯಾಪ್‌ಟಾಪ್ ಕೆಲಸ ಎಷ್ಟು ಹೊತ್ತು? ಯಾವ ಕೈಯಲ್ಲಿ ಬರೆಯುತ್ತಾರೆ? ಬಟ್ಟೆ ಮಡಚಿ ಇಡುವವರಾ, ನೇತು ಹಾಕುವವರಾ? ಗೆಳೆಯರು ಬಂದು ಉಳಿಯುತ್ತಾರಾ? ಬಾಗಿಲು ತೆಗೆದಾಗ ಹಾಲ್‌ಗೆ ಏನು ಕಾಣಬಾರದು? ಕೊನೆಯದನ್ನು ಅವರಾಗಿ ಹೇಳುವುದಿಲ್ಲ. ನೀವೇ ಕೇಳಿ.

ನನ್ನ ಮಗಳ ಉತ್ತರ ಹೀಗಿತ್ತು. ಎಡಗೈಯಲ್ಲಿ ಬರೆಯುತ್ತಾಳೆ. ಲ್ಯಾಪ್‌ಟಾಪ್‌ಗೆ ಮೇಜು ಬೇಕು, ಓದಲು ನೆಲ ಬೇಕು. ತಿಂಗಳಿಗೊಮ್ಮೆ ಭದ್ರಾವತಿಯಿಂದ ಗೆಳತಿ ಬಂದು ಒಂದು ರಾತ್ರಿ ಉಳಿಯುತ್ತಾಳೆ. ಮಲಗಿರುವುದು ಹೊರಗಿನವರಿಗೆ ಕಾಣಬಾರದು. ಅಜ್ಜಿಯದ್ದೂ ಒಂದು ಇತ್ತು: “ಉತ್ತರಕ್ಕೆ ಮಾತ್ರ ತಲೆ ಹಾಕ್ಬೇಡ ಮಗಾ.” ಅದನ್ನೂ ಬರೆದುಕೊಂಡೆ. ಮನೆಯಲ್ಲಿ ಹಿರಿಯರ ಮನಸ್ಸಿಗೆ ಸಮಾಧಾನ ಆಗುವುದಾದರೆ, ಜಾಗ ಕೆಡದಿದ್ದರೆ, ಯಾಕೆ ಬೇಡ?

ಅಳತೆ

ಗೋಡೆಯಿಂದ ಗೋಡೆಗೆ ಟೇಪು ಹಿಡಿದರೆ ಮುಗಿಯಲಿಲ್ಲ. ನೆಲದ ಹತ್ತಿರ ಸ್ಕರ್ಟಿಂಗ್ ಟೈಲ್ಸ್ ಎರಡೂ ಬದಿಗೆ ಅರ್ಧರ್ಧ ಇಂಚು ತಿನ್ನುತ್ತೆ. ಬಾಗಿಲ ಚೌಕಟ್ಟು ಮೂರು ನಾಲ್ಕು ಇಂಚು ತಿನ್ನುತ್ತೆ. ನಮ್ಮ ಪೂರ್ವದ ಗೋಡೆ ಮೂಲೆಯಿಂದ ಮೂಲೆಗೆ 114 ಇಂಚು. ಆದರೆ ಬಾಗಿಲು ಅದೇ ಗೋಡೆಯಲ್ಲಿದೆ, ದಕ್ಷಿಣದ ತುದಿಗೆ. ಚೌಕಟ್ಟು ಸೇರಿ 37 ಇಂಚು ಹೋಯಿತು. ಮಂಚಕ್ಕೆ ಉಳಿದದ್ದು 77.

ಮಂಚ 78.

ಅಂಗಡಿಯಲ್ಲಿ ನಮಗೆ 75 ಅಂತ ಹೇಳಿದ್ದರು. ಅದು ಹಾಸಿಗೆಯ ಉದ್ದ. ಮಂಚದ ತಲೆಕಡೆ, ಕಾಲುಕಡೆ ಪೈಪು ಸೇರಿದರೆ ಹೊರಗಿನ ಅಳತೆ 78 ಆಗುತ್ತೆ. ಸಿಂಗಲ್ ಹಾಸಿಗೆ ಅಂಗಡಿಗಳಲ್ಲಿ 72, 75, 78 ಇಂಚು ಉದ್ದಕ್ಕೆ ಸಿಗುತ್ತೆ. ಅಗಲ 30 ಅಥವಾ 36. ಮಂಚ ಕೊಳ್ಳುವಾಗ “ಹಾಸಿಗೆ ಎಷ್ಟು” ಅಂತ ಕೇಳಿ ಸುಮ್ಮನಾಗಬೇಡಿ. “ಹೊರಗಿಂದ ಹೊರಗೆ ಎಷ್ಟು” ಅಂತ ಕೇಳಿ. ಸಾಧ್ಯವಾದರೆ ನೀವೇ ಟೇಪು ಹಿಡಿಯಿರಿ.

ಇನ್ನೊಂದು ವಿಷಯ. ಹಾಸಿಗೆ ಎಷ್ಟು ಉದ್ದ ಬೇಕು ಅನ್ನುವುದು ಮಲಗುವವರ ಎತ್ತರದ ಮೇಲೆ. ಎತ್ತರಕ್ಕಿಂತ ಆರೆಂಟು ಇಂಚು ಜಾಸ್ತಿ ಇದ್ದರೆ ಸಾಕು. ಮಗಳು 5 ಅಡಿ 3 ಇಂಚು, ಅಂದರೆ 63. ಅವಳಿಗೆ 72ರ ಹಾಸಿಗೆ ಧಾರಾಳ. ಮಗ ಆರಡಿ ಇದ್ದರೆ 78 ಬೇಕೇ ಬೇಕು, ಆಗ ಲೆಕ್ಕ ಬೇರೆ.

ಮಂಚ ವಾಪಸ್ ಕೊಡುವ ಕಾಲ ಮೀರಿತ್ತು. ವೆಲ್ಡಿಂಗ್ ಶಾಪಿಗೆ ಹಾಕಿಕೊಂಡು ಹೋಗಿ ಮೂರು ಇಂಚು ಕತ್ತರಿಸಿ ಕೂಡಿಸಿಕೊಂಡು ಬಂದರು ಮನೆಯವರು. ಹಾಸಿಗೆ ನನ್ನ ಪಾಲಿಗೆ ಬಂತು. ಹತ್ತಿ ಹಾಸಿಗೆಯಾದದ್ದು ಒಳ್ಳೆಯದಾಯಿತು. ಬೂಷ್ಟು ಹಿಡಿದ ಕವರ್ ಬಿಚ್ಚಿ ಎಸೆದೆ. ಮಳೆ ಬಿಟ್ಟ ಎರಡು ದಿನ ನೋಡಿ ಹತ್ತಿಯನ್ನು ಟೆರೇಸ್ ಮೇಲೆ ಬಿಸಿಲಿಗೆ ಹರಡಿದೆ. ಹೊಸ ಗೆರೆ ಬಟ್ಟೆ ತಂದು 72ಕ್ಕೆ ಹೊಲಿದೆ. ದಪ್ಪ ಸೂಜಿಯಲ್ಲಿ ಗೇಣಿಗೊಂದು ಟಾಕಾ ಹಾಕಿದೆ. ಮಿಕ್ಕ ಹತ್ತಿಯಲ್ಲಿ ಒಂದು ದಿಂಬೂ ಆಯಿತು, ಅದನ್ನೇ ಅವಳು ಈಗ ನೆಲದ ಮೇಲೆ ಕೂತಾಗ ಬೆನ್ನಿಗೆ ಇಟ್ಟುಕೊಳ್ಳುತ್ತಾಳೆ. ಫೋಮ್ ಹಾಸಿಗೆ, ತೆಂಗಿನ ನಾರಿನ ಹಾಸಿಗೆ ಆಗಿದ್ದರೆ ಇದೆಲ್ಲ ಮನೆಯಲ್ಲಿ ಆಗುತ್ತಿರಲಿಲ್ಲ.

ಇಷ್ಟಲ್ಲದೆ ಅಳೆದು ಬರೆದುಕೊಳ್ಳಬೇಕಾದವು ಕೆಲವಿವೆ. ಕಿಟಕಿ ನೆಲದಿಂದ ಎಷ್ಟು ಎತ್ತರದಲ್ಲಿ ಶುರುವಾಗುತ್ತೆ, ಅದರ ಬಾಗಿಲು ಒಳಗೆ ತೆರೆಯುತ್ತಾ ಹೊರಗೆ ತೆರೆಯುತ್ತಾ, ಒಳಗೆ ಸಾಮಾನಿಡುವ ಸಜ್ಜಾ ಇದ್ದರೆ ಅದರ ಎತ್ತರ, ಸ್ವಿಚ್ ಬೋರ್ಡ್ ಎಲ್ಲಿದೆ, ಫ್ಯಾನ್ ಎಲ್ಲಿದೆ. ನಮ್ಮ ಸಜ್ಜಾ 84 ಇಂಚಿಗಿದೆ, ಬೀರು 78 ಇಂಚು. ಕೆಳಗೆ ಕೂತಿತು. ಸಜ್ಜಾ ಆರೂಕಾಲಡಿಗೇ ಇದ್ದಿದ್ದರೆ ಬೀರಿಗೆ ಬೇರೆ ಗೋಡೆಯೇ ಹುಡುಕಬೇಕಿತ್ತು.

ಪೇಪರ್ ಕಟಿಂಗ್

ರೇಷ್ಮೆ ಬ್ಲೌಸ್ ಪೀಸ್ ಕೈಗೆ ಬಂದರೆ ಯಾವ ಟೈಲರೂ ಸೀದಾ ಕತ್ತರಿ ಹಾಕುವುದಿಲ್ಲ. ಮೊದಲು ಪೇಪರ್‌ನಲ್ಲಿ ಕಟಿಂಗ್. ಅದನ್ನು ಬಟ್ಟೆ ಮೇಲೆ ಹಾಸಿ, ಪನ್ನ, ಅಂದರೆ ಬಟ್ಟೆಯ ಅಗಲ, ಎಷ್ಟಿದೆ, ತೋಳು ಎಲ್ಲಿ ಬರುತ್ತೆ, ಎಲ್ಲಿ ಉಳಿಯುತ್ತೆ ಅಂತ ತಿರುಗಿಸಿ ಮುರುಗಿಸಿ ನೋಡುತ್ತೇವೆ. ಕೋಣೆಗೂ ಅದನ್ನೇ ಮಾಡಿದೆ. ಬೀರು ತಳ್ಳಿ ನೋಡುವುದಕ್ಕಿಂತ ಪೇಪರ್ ತಳ್ಳಿ ನೋಡುವುದು ಸುಲಭ.

ಎರಡು ಬಗೆಯ ಪೇಪರ್ ಬೇಕು. ಪುಸ್ತಕಕ್ಕೆ ಹಾಕುವ ಕಂದು ಬಣ್ಣದ ಬೈಂಡ್ ಶೀಟಿನಲ್ಲಿ ಸಾಮಾನಿನ ಅಳತೆ ಕತ್ತರಿಸಿದೆ. ಮಂಚ 75ಕ್ಕೆ 38. ಬೀರು 36ಕ್ಕೆ 19. ಮೇಜು 42ಕ್ಕೆ 20. ಹಳೇ ನ್ಯೂಸ್‌ಪೇಪರ್‌ನಲ್ಲಿ ಸಾಮಾನಿಗೆ ಬೇಕಾದ ಖಾಲಿ ಜಾಗ ಕತ್ತರಿಸಿದೆ. ಮುಖ್ಯವಾದದ್ದು ಈ ಎರಡನೆಯದೇ. ಬೀರು ನಿಲ್ಲಲು 19 ಇಂಚು ಸಾಕು, ಆದರೆ ಅದರ ಬಾಗಿಲು ತೆರೆಯಲು ಮುಂದೆ 18 ಇಂಚು ಬೇಕು. ಕುರ್ಚಿ ಹಿಂದೆ ಎಳೆದು ಕೂತು ಏಳಲು ಮೇಜಿನ ಅಂಚಿನಿಂದ 30 ಇಂಚು ಬೇಕು. ಕೋಣೆ ಬಾಗಿಲು ತಿರುಗುವುದಕ್ಕೆ 30 ಇಂಚಿನ ಕಾಲು ವೃತ್ತ. ಮನುಷ್ಯರು ಸಲೀಸಾಗಿ ನಡೆಯಲು 24 ಇಂಚು, ಕೈಯಲ್ಲಿ ಬಟ್ಟೆ ಬುಟ್ಟಿ ಹಿಡಿದು ನಡೆಯುವುದಾದರೆ 30.

ಹಾಸುವಾಗ ನಿಯಮ ಇಷ್ಟೇ. ಕಂದು ಹಾಳೆ ಮೇಲೆ ಯಾವ ಹಾಳೆಯೂ ಏರಬಾರದು. ನ್ಯೂಸ್‌ಪೇಪರ್ ಮೇಲೆ ನ್ಯೂಸ್‌ಪೇಪರ್ ಏರಬಹುದು, ಯಾಕೆಂದರೆ ಬೀರು ತೆಗೆಯುವುದು, ಕುರ್ಚಿ ಎಳೆಯುವುದು, ಬಾಗಿಲು ತೆರೆಯುವುದು ಒಂದೇ ಹೊತ್ತಿಗೆ ಆಗುವುದು ಅಪರೂಪ. ಸಣ್ಣ ಕೋಣೆಯಲ್ಲಿ ಜಾಗ ಹುಟ್ಟುವುದು ಹೀಗೆ ಏರಿಸುವುದರಲ್ಲೇ. ಒಂದೇ ಖಾಲಿ ನೆಲವನ್ನು ಮೂರು ಕೆಲಸಕ್ಕೆ ಹಂಚಿಕೊಳ್ಳುವಂತೆ ಹಾಸಿ. ಪೇಪರ್ ಜರುಗದ ಹಾಗೆ ಮೂಲೆಗೆ ಗಮ್ ಟೇಪ್ ಅಂಟಿಸಿ, ಒಂದು ದಿನ ಹಾಗೇ ಬಿಟ್ಟು, ಅದರ ಮೇಲೆ ಓಡಾಡಿ. ಮಗಳು ಮಂಚದ ಹಾಳೆ ಮೇಲೆ ಮಲಗಿ ನೋಡಿದಳು, ಮೇಜಿನ ಹಾಳೆ ಮುಂದೆ ಕುರ್ಚಿ ಹಾಕಿ ಕೂತು ನೋಡಿದಳು.

ಯಾವುದು ಎಲ್ಲಿ ಕೂತಿತು

ಮಂಚ ಪೂರ್ವದ ಒಳಗೋಡೆಗೆ, ಬಾಗಿಲ ಪಕ್ಕದಿಂದ ಉತ್ತರದ ಮೂಲೆಯವರೆಗೆ. ತಲೆ ದಕ್ಷಿಣಕ್ಕೆ. ಅಜ್ಜಿಗೂ ಖುಷಿ. ಬಾಗಿಲು ಇರುವ ಗೋಡೆಗೇ ಮಂಚ ಹಾಕಿದರೆ ಒಂದು ಲಾಭ ಇದೆ. ಹಾಲ್‌ನಲ್ಲಿ ಕೂತವರಿಗೆ ಬಾಗಿಲಿನಿಂದ ಕಾಣುವುದು ಎದುರು ಗೋಡೆ, ಮೇಜಿನ ತುದಿ, ಅಷ್ಟೇ. ಮಲಗಿದವರು ಗೋಡೆ ಮರೆಯಲ್ಲಿರುತ್ತಾರೆ. ವಯಸ್ಸಿಗೆ ಬಂದ ಹುಡುಗಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಅಂತ ಅವಳು ನಿದ್ದೆ ಮಾಡುವ ರೀತಿಯಲ್ಲೇ ನನಗೆ ಗೊತ್ತಾಯಿತು. ಸ್ವಿಚ್ ಬೋರ್ಡ್ ಕೂಡ ತಲೆಯ ಮೇಲ್ಗಡೆಯೇ ಬಂತು. ಎದ್ದು ಕೂತು ಕೈ ಚಾಚಿದರೆ ಲೈಟ್ ಆರುತ್ತೆ.

ಬೀರು ದಕ್ಷಿಣದ ಗೋಡೆಗೆ, ಸಜ್ಜಾ ಕೆಳಗೆ, ಪಶ್ಚಿಮದ ಮೂಲೆಯಿಂದ ನಾಲ್ಕು ಇಂಚು ಬಿಟ್ಟು. ಅದು ನನ್ನ ಮದುವೆಯ ಬೀರು, ಭಾರ. ಪೂರ್ತಿ ಖಾಲಿ ಮಾಡಿ, ಕೆಳಗೆ ಗೋಣಿಚೀಲ ತೂರಿಸಿ ಎಳೆದರೆ ಟೈಲ್ಸ್ ಗೀರುವುದಿಲ್ಲ. ಹಿಂದೆ ಎರಡು ಇಂಚು ಗಾಳಿಗೆ ಬಿಟ್ಟೆವು. ಮುಂದಿನ ಕಾಲುಗಳ ಕೆಳಗೆ ದಪ್ಪ ರಟ್ಟಿನ ಚೂರು ಕೊಟ್ಟು, ಬೀರು ಒಂದು ಕೂದಲೆಳೆ ಹಿಂದಕ್ಕೆ ವಾಲುವ ಹಾಗೆ ಮಾಡಿ. ನೆಲ ಮುಂದಕ್ಕೆ ಇಳಿಜಾರಿದ್ದರೆ ಬಾಗಿಲು ತಾನಾಗೇ ತೆರೆದುಕೊಳ್ಳುತ್ತೆ, ಎರಡೂ ಬಾಗಿಲು ತೆರೆದು ಬಟ್ಟೆ ಎಳೆಯುವಾಗ ಮುಂದಕ್ಕೆ ವಾಲುವ ಭಯವೂ ಇರುತ್ತೆ. ಈ ಚೂರು ಕೆಲಸ ಮರೆಯಬೇಡಿ.

ಬೀರಿಗೂ, ತೆರೆದ ಬಾಗಿಲಿಗೂ ಮಧ್ಯೆ ಗೋಡೆ 28 ಇಂಚು ಉಳಿಯಿತು. ಅಲ್ಲಿ ಉದ್ದ ಕನ್ನಡಿ, ನಾಲ್ಕು ಅಡಿಯದು. ಕಿಟಕಿ ಉತ್ತರಕ್ಕೆ, ಕನ್ನಡಿ ದಕ್ಷಿಣಕ್ಕೆ, ಎದುರುಬದುರು. ಕಿಟಕಿಯ ಬೆಳಕು ಕನ್ನಡಿಗೆ ಬಿದ್ದು ಕೋಣೆಯ ಕತ್ತಲೆ ಮೂಲೆಗೂ ಹೋಗುತ್ತೆ.

ಮೇಜು ವಾಯುವ್ಯದ ಮೂಲೆಗೆ, ಪಶ್ಚಿಮದ ಗೋಡೆಗೆ ಮುಖ ಮಾಡಿ, ಗೋಡೆಯಿಂದ ಮೂರು ಇಂಚು ಈಚೆಗೆ. ಹಾಗೆ ಕೂತರೆ ಕಿಟಕಿ ಬಲಕ್ಕೆ ಬರುತ್ತೆ. ಎಡಗೈಯಲ್ಲಿ ಬರೆಯುವವರಿಗೆ ಬೆಳಕು ಬಲದಿಂದ ಬರಬೇಕು, ಇಲ್ಲದಿದ್ದರೆ ತಮ್ಮ ಕೈಯ ನೆರಳೇ ಅಕ್ಷರದ ಮೇಲೆ ಬೀಳುತ್ತೆ. ಬಲಗೈಯವರಿಗೆ ಎಡದಿಂದ. ಹೊಲಿಗೆ ಮೆಷಿನ್ ಇಡುವಾಗ ನಾನು ನೋಡುವುದೂ ಇದನ್ನೇ. ಲ್ಯಾಪ್‌ಟಾಪ್‌ಗಂತೂ ಕಿಟಕಿ ಪಕ್ಕಕ್ಕಿದ್ದರೇ ಒಳ್ಳೆಯದು. ಬೆನ್ನ ಹಿಂದೆ ಕಿಟಕಿ ಇದ್ದರೆ ಪರದೆ ಹೊಳೆಯುತ್ತೆ, ಎದುರಿಗಿದ್ದರೆ ಕಣ್ಣು ಕುಕ್ಕುತ್ತೆ. ಕುರ್ಚಿ ಕೈ ಇಲ್ಲದ್ದನ್ನು ತಗೊಳ್ಳಿ. ಕೈ ಇರುವ ಕುರ್ಚಿ ಮೇಜಿನ ಕೆಳಗೆ ಪೂರ್ತಿ ಹೋಗುವುದಿಲ್ಲ, ನೆಲ ತಿನ್ನುತ್ತಾ ನಿಂತಿರುತ್ತೆ.

ಈಗ ಮಧ್ಯದ ನೆಲ ನೋಡಿ. ಮಂಚದ ಅಂಚಿನಿಂದ ಪಶ್ಚಿಮದ ಗೋಡೆಗೆ 64 ಇಂಚು, ಬೀರಿನಿಂದ ಮೇಜಿಗೆ 51 ಇಂಚು. ಐದು ಅಡಿ ನಾಲ್ಕು ಇಂಚಿಗೆ ನಾಲ್ಕೂಕಾಲು ಅಡಿ, ಏನೂ ಇಲ್ಲದ ನೆಲ. ಮಗಳು ಮಂಚಕ್ಕೆ ಬೆನ್ನು ಕೊಟ್ಟು ಕಾಲು ಚಾಚುತ್ತಾಳೆ. ಗೆಳತಿ ಬಂದ ದಿನ ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಿ, ಮಂಚದ ಪಕ್ಕಕ್ಕೆ ಉದ್ದಕ್ಕೂ ಆರಕ್ಕೆ ಮೂರಡಿ ಚಾಪೆ ಹಾಸಿದರೆ ಸರಿಯಾಗಿ ಕೂರುತ್ತೆ. ಇಬ್ಬರೂ ಕೆಳಗೇ ಕೂತು ಮಾತಾಡುವುದು ಹಾಲ್‌ವರೆಗೆ ಕೇಳಿಸುತ್ತೆ.

ಬೇಡ ಅಂದುಕೊಂಡದ್ದು

ಮಂಚದ ಕೆಳಗೆ ಪೂರ್ತಿ ಮುಚ್ಚಿದ ಬಾಕ್ಸ್ ಕಾಟ್ ತಗೊಳ್ಳಿ, ಸಾಮಾನು ಹಿಡಿಯುತ್ತೆ ಅಂತ ತುಂಬಾ ಜನ ಹೇಳಿದರು. ಬೆಂಗಳೂರು, ಬಳ್ಳಾರಿ ಕಡೆಯ ಒಣ ಹವೆಗೆ ಸರಿ ಇರಬಹುದು. ನಮ್ಮ ಮಳೆಗೆ ನನಗೆ ಧೈರ್ಯ ಬರಲಿಲ್ಲ. ಒಳಗೆ ಗಾಳಿ ಆಡುವುದಿಲ್ಲ, ಕೆಳಗೆ ಗೆದ್ದಲು ಹಿಡಿದರೂ ಕಾಣುವುದಿಲ್ಲ. ಪಕ್ಕಕ್ಕೆ ಡ್ರಾಯರ್ ಇರುವಂಥದ್ದಾದರೆ ಎಳೆಯಲು ಮತ್ತೆ ಒಂದೂವರೆ ಅಡಿ ನೆಲ ಬೇಕು. ಕಾಲಿನ ಮಂಚ ಸಾಕು. ನಮ್ಮದು ನೆಲದಿಂದ 16 ಇಂಚು, ಮೇಲೆ ನಾಲ್ಕು ಇಂಚು ಹಾಸಿಗೆ. ಕೆಳಗೆ ನನ್ನ ಅಮ್ಮನ ಕಾಲದ ಟ್ರಂಕು ಒಂದು, ಗಾಲಿ ಹಾಕಿದ ಹಲಗೆ ಒಂದು ಇವೆ. ಟ್ರಂಕಿನಲ್ಲಿ ಸ್ವೆಟರ್, ರಗ್ಗು, ನುಸಿಗುಳಿಗೆ. ಹಲಗೆ ಮೇಲೆ ಹಳೇ ಪಠ್ಯಪುಸ್ತಕ. ವಾರಕ್ಕೊಮ್ಮೆ ಈಚೆಗೆ ಎಳೆದು ಕೆಳಗೆ ಪೊರಕೆ ಆಡಿಸುತ್ತಾಳೆ.

ಇನ್ನೊಂದು, ಏಣಿ ಹತ್ತಿ ಮಲಗುವ ಎತ್ತರದ ಮಂಚ. ಕೆಳಗೆ ಮೇಜು, ಮೇಲೆ ಹಾಸಿಗೆ. ನನ್ನ ತಮ್ಮನ ಮಗ ಫೋಟೋ ನೋಡಿ ಆಸೆ ಪಟ್ಟಿದ್ದ. ದಯವಿಟ್ಟು ಮೊದಲು ಫ್ಯಾನ್ ನೋಡಿ. ನಮ್ಮ ಮನೆಗಳ ತಾರಸಿ ಸಾಮಾನ್ಯವಾಗಿ ಹತ್ತು ಅಡಿ, 120 ಇಂಚು. ಫ್ಯಾನ್ ರೆಕ್ಕೆ ಅದರಿಂದ ಒಂದು ಅಡಿಗಿಂತ ಜಾಸ್ತಿ ಕೆಳಗೆ ಇಳಿದಿರುತ್ತೆ. ಮಂಚ ಐದು ಅಡಿಗೆ ಹಾಕಿದರೆ, ಹಾಸಿಗೆ ಸೇರಿ 64 ಇಂಚು. ಅದರ ಮೇಲೆ ಎದ್ದು ಕೂತವರ ತಲೆ ಹತ್ತಿರ ಹತ್ತಿರ 100 ಇಂಚಿಗೆ ಬರುತ್ತೆ. ನಿದ್ದೆಗಣ್ಣಲ್ಲಿ ಹೊದಿಕೆ ಕೊಡವಿದರೆ ಕೈ ರೆಕ್ಕೆಗೆ ಸಿಗುತ್ತೆ. ಕೋಣೆ ಇಷ್ಟು ಚಿಕ್ಕದಾದರೆ ಮಂಚ ಯಾವ ಮೂಲೆಗೆ ಹಾಕಿದರೂ ಫ್ಯಾನ್ ದೂರ ಇರುವುದಿಲ್ಲ. ಸೀಲಿಂಗ್ ಫ್ಯಾನ್ ತೆಗೆದು ಗೋಡೆ ಫ್ಯಾನ್ ಹಾಕುವವರೆಗೆ ಅದರ ಯೋಚನೆಯೇ ಬೇಡ.

ಆಚಾರ್ರ ಕೆಲಸ, ಕರೆಂಟಿನ ಕೆಲಸ

ಮೇಜು, ಪುಸ್ತಕದ ಶೆಲ್ಫು ನಮ್ಮ ಬೀದಿಯ ಆಚಾರ್ರ ಹತ್ತಿರ ಮಾಡಿಸಿದೆ. ರೆಡಿಮೇಡ್‌ನಲ್ಲಿ 42ಕ್ಕೆ 20ರ ಮೇಜು ಹುಡುಕಿ ಸಾಕಾಗಿತ್ತು. ಪ್ಲೈವುಡ್ ಶೀಟು 8 ಅಡಿಗೆ 4 ಅಡಿ ಬರುತ್ತೆ. ನನಗೆ ಅದು ಬಟ್ಟೆಯ ಥಾನಿನ ಹಾಗೇ ಕಂಡಿತು. ಅರ್ಧ ಶೀಟು ಅಂದರೆ 48ಕ್ಕೆ 48 ಇಂಚು. ಅದರಲ್ಲಿ ಮೇಜಿನ ಹಲಗೆ 42ಕ್ಕೆ 20, ಎರಡು ಶೆಲ್ಫು 42ಕ್ಕೆ 9, ಎಲ್ಲ ಸೇರಿ 38 ಇಂಚು. ಗರಗಸಕ್ಕೆ ಹೋಗುವುದು ಬಿಟ್ಟರೂ ಒಂದು ಗೇಣು ಉಳಿಯುತ್ತೆ. ಪೇಪರ್ ಮೇಲೆ ಗೆರೆ ಹಾಕಿಕೊಂಡು ಹೋಗಿದ್ದೆ, “ಅಕ್ಕಾ, ನೀವೇ ಮಾರ್ಕಿಂಗ್ ಮಾಡಿ ಕೊಡಿ” ಅಂದರು ಆಚಾರ್ರು. 19 ಎಂಎಂ ಪ್ಲೈ ಹಾಕಿಸಿ. ಒತ್ತಿದ ಪುಡಿಯ ಹಲಗೆ ಅಗ್ಗ, ಆದರೆ ಮಳೆಗಾಲದಲ್ಲಿ ಅಂಚು ನೀರು ಕುಡಿದು ಬಿಸ್ಕತ್ತಿನ ಹಾಗೆ ಊದುತ್ತೆ. ಮೇಜಿನ ಎತ್ತರ 30 ಇಂಚು.

ಲ್ಯಾಪ್‌ಟಾಪ್‌ಗೆ ಪಾಯಿಂಟ್ ಪಶ್ಚಿಮದ ಗೋಡೆಯಲ್ಲಿ ಹಾಕಿಸಲಿಲ್ಲ. ತೇವದ ಗೋಡೆಯಲ್ಲಿ ವೈರ್ ಬೇಡ. ಎಲೆಕ್ಟ್ರಿಷಿಯನ್ ಬೋರ್ಡಿನಿಂದ ಪ್ಲಾಸ್ಟಿಕ್ ಪಟ್ಟಿ ಒಳಗೆ ವೈರ್ ತಂದು ಉತ್ತರದ ಗೋಡೆಯಲ್ಲಿ, ಕಿಟಕಿ ಕೆಳಗೆ, ಮೇಜಿನ ಪಕ್ಕಕ್ಕೇ ಕೊಟ್ಟರು. ಎಕ್ಸ್‌ಟೆನ್ಷನ್ ಬಾಕ್ಸನ್ನು ಮಂಚದ ಕೆಳಗೆ, ಹಾಸಿಗೆ ಕೆಳಗೆ ಹಾಯಿಸುವುದು ಬೇಡವೇ ಬೇಡ. ಬಿಸಿಯಾದರೆ ಗೊತ್ತೇ ಆಗುವುದಿಲ್ಲ.

ಒಂದು ಸಲ ಹಾಕಿದ ಬಟ್ಟೆಯ ಸಮಸ್ಯೆ ಎಲ್ಲ ಮನೆಯಲ್ಲೂ ಇದೆ ಅಲ್ವಾ? ಬೀರಿಗೂ ಹೋಗುವುದಿಲ್ಲ, ಒಗೆಯಲೂ ಹೋಗುವುದಿಲ್ಲ, ಕುರ್ಚಿ ಬೆನ್ನಿಗೆ ಏರುತ್ತೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ಅದಕ್ಕೊಂದು ಜಾಗ ಕೊಡಿ. ಬಾಗಿಲ ಹಿಂದೆ ಒಂದು ಮರದ ರೀಪರ್ ಪಟ್ಟಿಗೆ ಐದು ಕೊಕ್ಕೆ ಹೊಡೆಸಿದೆ. ಬಾಗಿಲು ತೆರೆದಾಗ ಹಿಂದಿನ ಗೋಡೆಗೆ ನಾಲ್ಕು ಇಂಚು ಸಂದು ಇರುತ್ತೆ, ಐದು ಬಟ್ಟೆ ಅದರಲ್ಲಿ ಅಡಗುತ್ತೆ. ಆರನೆಯದು ಬಂದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಆಗ ಅವಳೇ ಒಗೆಯಲು ಹಾಕುತ್ತಾಳೆ.

ಗೋಡೆಗೆ ತೂತು ಹೊಡೆಯುವ ಕೆಲಸ ಕೊನೆಗೆ ಇಟ್ಟುಕೊಳ್ಳಿ. ಸಾಮಾನು ಜೋಡಿಸಿ ಎರಡು ವಾರ ಅದರಲ್ಲಿ ಬದುಕಿದ ಮೇಲೆ ಶೆಲ್ಫು ಎಲ್ಲಿ ಬೇಕು ಅಂತ ತಾನಾಗಿ ಗೊತ್ತಾಗುತ್ತೆ. ನಾನು ಮೇಜಿನ ಮೇಲ್ಗಡೆ ಅಂದುಕೊಂಡಿದ್ದೆ. ಆದರೆ ಅದು ತೇವದ ಗೋಡೆ, ಪುಸ್ತಕ ಕೆಡುತ್ತೆ. ಮಂಚದ ಮೇಲ್ಗಡೆ, ಕಾಲಿನ ಕಡೆಗೆ ಹಾಕಿಸಿದೆವು. ತಲೆಯ ಕಡೆ ಬೇಡ, ಮಲಗಿದವರ ಮುಖದ ಮೇಲೆ ಪುಸ್ತಕ ಇಡಬಾರದು. ಸ್ವಿಚ್ ಬೋರ್ಡಿನ ನೇರ ಮೇಲಕ್ಕೆ, ನೇರ ಕೆಳಕ್ಕೆ ಎಂದೂ ಡ್ರಿಲ್ ಹಾಕಬೇಡಿ, ಗೋಡೆಯೊಳಗೆ ವೈರ್ ಅಲ್ಲೇ ಹೋಗಿರುತ್ತೆ. ಹಾಲ್ ಕಡೆಯ ಗೋಡೆ ನಾಲ್ಕೂವರೆ ಇಂಚಿನದು. ಹಾಗಾಗಿ ಎರಡು ಇಂಚಿನ ಸ್ಕ್ರೂ, ಪ್ಲಗ್, ಒಂದು ಶೆಲ್ಫಿಗೆ ಮೂರು ಎಲ್ ಆಂಗಲ್.

ಎತ್ತರ ಎಷ್ಟು ಅಂತ ಟೇಪು ಹಿಡಿದು ನಿಂತಿದ್ದಾಗ ಮಗಳು ಮಂಚದ ಮೇಲೆ ಗೋಡೆಗೆ ಒರಗಿ ನೆಟ್ಟಗೆ ಕೂತಳು. ನಾನು ಅವಳ ತಲೆಯ ಮೇಲೆ ಸ್ಕೇಲು ಇಟ್ಟು ಗೋಡೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ನೆಲದಿಂದ 55 ಇಂಚು. ಅದಕ್ಕೆ ಐದು ಸೇರಿಸಿ 60ಕ್ಕೆ ಕೆಳಗಿನ ಶೆಲ್ಫು, ಅಲ್ಲಿಂದ 14 ಬಿಟ್ಟು ಮೇಲಿನದು. ಆಚಾರ್ರು ಡ್ರಿಲ್ ತಗೊಂಡು ಬರುವಷ್ಟರಲ್ಲಿ ಅವಳು ಗೆರೆಯ ಪಕ್ಕ ತನ್ನ ಹೆಸರು, ಆ ದಿನದ ತಾರೀಕು ಬರೆದಿದ್ದಳು. ಅದನ್ನು ಅಳಿಸಿಲ್ಲ.